ಐದು ದ್ವೀಪ ಬೇಡ, ಎರಡು ಸಾಕು

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿ ಖುಷಿ ಆಯ್ತು. ದೂರದಿಂದ ನಾಲ್ಕು ಜನ ಸ್ನೇಹಿತರು ಬರ್ತಿದಾರೆ, ಯಾರೂ ಹಾಯಿದೋಣಿ ಹತ್ತಿದವರಲ್ಲ, ಒಬ್ಬರಿಗೆ ಈಜು ಬರಲ್ಲ, ಇರೋದು ಒಂದೇ ದಿನ, ಅಷ್ಟರಲ್ಲಿ ಐದು ದ್ವೀಪ ಸುತ್ತಿಸ್ಬೇಕು, ಒಟ್ಟು 30 ನಾಟಿಕಲ್ ಮೈಲಿ (ಸಮುದ್ರದ ಮೈಲಿ, ಒಂದಕ್ಕೆ ಸುಮಾರು 1.85 ಕಿ.ಮೀ.), ದೋಣಿ 5 ನಾಟ್, ಅಂದ್ರೆ ಗಂಟೆಗೆ 5 ನಾಟಿಕಲ್ ಮೈಲಿ ಓಡತ್ತೆ, ಹಾಗಾಗಿ ಆರು ಗಂಟೆ, ಆಗತ್ತಲ್ವಾ ಅಂತ ಕೇಳಿದೀರ. ಆಗಲ್ಲ. ಲೆಕ್ಕ ಕಾಗದದ ಮೇಲೆ ಸರಿ ಇದೆ, ಆದ್ರೆ ಅದರಲ್ಲಿ ಗಾಳಿ ಎಲ್ಲೂ ಇಲ್ಲ.

ಹಾಯಿದೋಣಿ ಗಾಳಿಗೆ ಎದುರಾಗಿ ನೆಟ್ಟಗೆ ಹೋಗಲ್ಲ ಅನ್ನೋದು ನಿಮಗೆ ಗೊತ್ತೇ ಇದೆ, ಆ ಕಡೆ ಈ ಕಡೆ ಸುಮಾರು 45 ಡಿಗ್ರಿಯಲ್ಲಿ ಟ್ಯಾಕ್ ಮಾಡ್ಕೊಂಡೇ, ಅಂದ್ರೆ ಅಂಕುಡೊಂಕಾಗಿ ತಿರುಗಿಸ್ಕೊಂಡೇ ಹೋಗ್ಬೇಕು, ಹಾಗಾಗಿ ಗಾಳಿ ಬರೋ ದಿಕ್ಕಲ್ಲಿ 10 ಮೈಲಿ ದೂರ ಇರೋ ದ್ವೀಪಕ್ಕೆ ನೀವು ಓಡಿಸೋದು 14 ಮೈಲಿ. ಇದರ ಮೇಲೆ ಪ್ರತಿ ದ್ವೀಪದಲ್ಲೂ ಹಾಯಿ ಇಳಿಸಿ, ಜಾಗ ಹುಡುಕಿ, ಲಂಗರು ಹಾಕಿ, ಅದು ಗಟ್ಟಿ ಹಿಡೀತಾ ಅಂತ ನೋಡಿ, ಚಿಕ್ಕ ದೋಣಿ ಇಳಿಸಿ ಎಲ್ಲರನ್ನೂ ದಡಕ್ಕೆ ಬಿಟ್ಟು, ಆಮೇಲೆ ಇದನ್ನೆಲ್ಲ ತಿರುಗಾ ಮುರುಗಾ ಮಾಡ್ಬೇಕು. ಒಂದೊಂದು ಕಡೆ ಒಂದು ಗಂಟೆ ಬರೀ ಇದಕ್ಕೇ ಹೋಗತ್ತೆ, ಇನ್ನೂ ಯಾರೂ ನೀರಿಗೆ ಇಳಿದಿಲ್ಲ, ಮರಳಲ್ಲಿ ನಡೆದಿಲ್ಲ. ಐದು ದ್ವೀಪ ಅಂದ್ರೆ ನಿಮ್ಮ ಸ್ನೇಹಿತರು ದಿನವಿಡೀ ನಿಮ್ಮ ಬೆನ್ನು ನೋಡ್ಕೊಂಡು ಕೂತಿರ್ತಾರೆ. ಅವರು ಬರ್ತಿರೋದು ನಿಮ್ಮನ್ನ ನೋಡೋಕೆ.

ಎರಡು ದ್ವೀಪ ಇಟ್ಕೊಳ್ಳಿ, ಪ್ಲಾನನ್ನ ವಾಪಸ್ ಬರೋ ಟೈಮಿಂದ ಹಿಂದಕ್ಕೆ ಮಾಡಿ. ಸೂರ್ಯ ಮುಳುಗೋಕೆ ಎರಡು ಗಂಟೆ ಮುಂಚೆ ದೋಣಿ ಕಟ್ಟಿರ್ಬೇಕು ಅಂತ ಮೊದಲು ಬರ್ಕೊಳ್ಳಿ, ಮಿಕ್ಕಿದ್ದೆಲ್ಲ ಅದರಿಂದ ಲೆಕ್ಕ ಹಾಕಿ. ಬಿಸಿಲಿರೋ ದಿನ ನೆಲ ನೀರಿಗಿಂತ ಬೇಗ ಕಾಯತ್ತೆ, ಅದರ ಮೇಲಿನ ಗಾಳಿ ಮೇಲಕ್ಕೇರತ್ತೆ, ಸಮುದ್ರದ ಕಡೆಯಿಂದ ತಂಪು ಗಾಳಿ ಒಳಗೆ ನುಗ್ಗತ್ತೆ, ಸಾಮಾನ್ಯವಾಗಿ ಹೊತ್ತೇರಿದ ಮೇಲೆ ಶುರುವಾಗಿ ಮಧ್ಯಾಹ್ನ ಎರಡು ಮೂರರ ಹೊತ್ತಿಗೆ ಜೋರಾಗಿ ಸಂಜೆಗೆ ಸತ್ತುಹೋಗತ್ತೆ. ಅದಕ್ಕೇ ಬೆಳಿಗ್ಗೆ ಗಾಳಿ ಮೆತ್ತಗಿದ್ದಾಗಲೇ ಹೊರಟು ದೂರದ ದ್ವೀಪಕ್ಕೆ ಮೊದಲು ಹೋಗಿ, ಬೇಕಾದ್ರೆ ಇಂಜಿನ್ ಹಾಕಿ, ಅದರಲ್ಲಿ ನಾಚಿಕೆ ಏನಿಲ್ಲ. ಮಧ್ಯಾಹ್ನದ ಗಾಳಿ ಬೆನ್ನಿಗೆ ಸಿಕ್ಕಿ ಹತ್ತಿರದ ದ್ವೀಪಕ್ಕೆ, ಅಲ್ಲಿಂದ ಮನೆಗೆ. ಹೊಸಬರಿಗೆ ಎದುರುಗಾಳಿಯ ವಾಲಾಟ, ಮುಖಕ್ಕೆ ಎರಚೋ ನೀರು ಸಂಜೆ ಸುಸ್ತಾದಾಗ ಸಿಗಬಾರದು. ಉಬ್ಬರ ಇಳಿತದ ಟೇಬಲ್ಲೂ ನೋಡಿ, ಆರು ಗಂಟೆಯ ಇಳಿತದಲ್ಲಿ ಮೂರನೇ ನಾಲ್ಕನೇ ಗಂಟೆಯಲ್ಲೇ ಸುಮಾರು ಅರ್ಧ ನೀರು ಹೋಗಿಬಿಡತ್ತೆ, ದ್ವೀಪದ ಹತ್ತಿರ ಆಳ ಕಮ್ಮಿ ಇರೋ ಕಡೆ ಲಂಗರು ಹಾಕಿ ಊಟಕ್ಕೆ ಕೂತವರಿಗೆ ಇದು ಗೊತ್ತಿರ್ಬೇಕು. ಎಲ್ಲರೂ ದಡಕ್ಕೆ ಇಳಿಯೋ ಹಾಗಿಲ್ಲ, ದೋಣಿ ಗೊತ್ತಿರೋ ಒಬ್ಬರು ಮೇಲೇ ಇರ್ಬೇಕು, ನಿಮ್ಮ ವಿಷಯದಲ್ಲಿ ಅದು ನೀವೇ.

ಅದಕ್ಕೇ ದೋಣಿ ಓಡಿಸೋಕೆ ಬರೋ ಇನ್ನೊಬ್ಬರನ್ನ ಕರ್ಕೊಂಡು ಹೋಗಿ ಅಂತ ಒತ್ತಿ ಹೇಳ್ತೀನಿ. ನೀವೊಬ್ಬರೇ ತಿಳಿದವರಾಗಿದ್ದು ನೀವೇ ನೀರಿಗೆ ಬಿದ್ರೆ ಏನಾಗತ್ತೆ ಯೋಚಿಸಿ, ದೋಣಿ 5 ನಾಟಲ್ಲಿ ಒಂದು ನಿಮಿಷಕ್ಕೆ 150 ಮೀಟರ್ ದೂರ ಹೋಗಿರತ್ತೆ, ಮೇಲಿರೋ ನಾಲ್ವರಿಗೆ ಅದನ್ನ ನಿಲ್ಲಿಸೋದು ಗೊತ್ತಿಲ್ಲ. ಅಂಥವರು ಯಾರೂ ಸಿಗದಿದ್ರೆ ದಡದಲ್ಲೇ ಒಬ್ಬರನ್ನ ಆರಿಸಿ ಅವರ ಕೈಯಲ್ಲೇ ಮಾಡಿಸಿ: ಹಾಯಿಯ ಹಗ್ಗ ಹೇಗೆ ಬಿಡೋದು, ಮೂತಿಯನ್ನ ಗಾಳಿಗೆ ತಿರುಗಿಸೋದು ಹೇಗೆ, ಇಂಜಿನ್ ಕೀಲಿ ಎಲ್ಲಿದೆ, ರೇಡಿಯೋದಲ್ಲಿ ಅಪಾಯದಲ್ಲಿ ಸಹಾಯ ಕೇಳೋ 16ನೇ ಚಾನೆಲ್ ಒತ್ತಿ ಏನು ಹೇಳ್ಬೇಕು. ಇನ್ನೊಬ್ಬರಿಗೆ ಒಂದೇ ಕೆಲಸ, ಯಾರಾದ್ರೂ ಬಿದ್ರೆ ಅವರ ಕಡೆ ಬೆರಳು ತೋರಿಸ್ತಾ ಕಣ್ಣು ಕೀಳದೆ ನಿಲ್ಲೋದು, ಯಾಕಂದ್ರೆ ಅಲೆಗಳ ಮಧ್ಯೆ ಒಂದು ತಲೆ ಎಷ್ಟು ಬೇಗ ಕಾಣೆಯಾಗತ್ತೆ ಅಂದ್ರೆ ನಂಬೋಕಾಗಲ್ಲ. ಗಾಳಿ ಬೆನ್ನಿಗಿರುವಾಗ ಜೈಬ್ ಆದ್ರೆ, ಅಂದ್ರೆ ಹಾಯಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳಿದ್ರೆ, ಬೂಮ್ (ಹಾಯಿಯ ಕೆಳಗಿನ ಅಡ್ಡ ಕಂಬ) ಹೇಗೆ ಬೀಸತ್ತೆ ಅಂತಾನೂ ಕೈಯಲ್ಲಿ ತಳ್ಳಿ ತೋರಿಸಿ. ಬರೀ ಬಾಯಲ್ಲಿ ಹೇಳಿದ್ರೆ ಯಾರೂ ತಲೆ ಬಗ್ಗಿಸಲ್ಲ.

ಈಜು ಬರದ ಸ್ನೇಹಿತೆಗೆ 50 ನ್ಯೂಟನ್ (ತೇಲಿಸೋ ಬಲದ ಅಳತೆ) ಲೈಫ್ ಜಾಕೆಟ್ ಕೊಡ್ಬೇಡಿ, ಅದು ಈಜು ಬರೋರಿಗೆ ತೇಲೋಕೆ ಸಹಾಯ ಅಷ್ಟೆ. ಅವರಿಗೆ ಮುಖ ಮೇಲೆ ಮಾಡಿ ಹಿಡಿಯೋ 150 ನ್ಯೂಟನ್ನಿನದು ಬೇಕು, ಸೈಜ್ ಮುಂಚೆನೇ ಕೇಳಿ ತರಿಸಿಡಿ. ಎಲ್ಲರೂ ಹಾಕ್ಕೊಳ್ಳಿ, ನೀವೂ, ಆಗ ಅವರೊಬ್ಬರೇ ಬೇರೆ ಅನ್ಸಲ್ಲ.

ವಾಂತಿ ಬಗ್ಗೆ ಕೇಳಿದೀರ. ಒಳಗಿವಿ ಅಲುಗಾಟ ಇದೆ ಅನ್ನತ್ತೆ, ಕ್ಯಾಬಿನ್ನಿನ ಗೋಡೆ ನೋಡೋ ಕಣ್ಣು ಇಲ್ಲ ಅನ್ನತ್ತೆ, ಆ ಜಗಳದಿಂದ ಬರೋದು ಅದು. ಮಾತ್ರೆ ಹೊರಡೋ ಮುಂಚೆನೇ ತಗೋಬೇಕು, ಶುರುವಾದ ಮೇಲೆ ಅಷ್ಟು ಕೆಲಸ ಮಾಡಲ್ಲ, ಯಾವುದು ಅಂತ ಡಾಕ್ಟರನ್ನ ಕೇಳ್ಲಿ. ಮುಖ ಬಿಳಿಚಿದವರನ್ನ ಕೆಳಗೆ ಮಲಗಿಸೋ ಬದಲು ಮೇಲೆ ಕರೆದು ಚುಕ್ಕಾಣಿ ಕೊಟ್ಟು ದೂರದ ದಿಗಂತ ನೋಡೋಕೆ ಹೇಳಿ, ಎಷ್ಟೋ ಜನ ಅಲ್ಲೇ ಸರಿಹೋಗ್ತಾರೆ, ಮತ್ತೆ ಅವರಿಗೆ ಇಡೀ ದಿನದಲ್ಲಿ ನೆನಪಿರೋದೂ ಅದೇ.

ನೀರೆಲ್ಲ ಬಿಳಿ ನೊರೆ ಕಾಣ್ತಿದ್ರೆ ಬೇಗ ಹಾಯಿ ಚಿಕ್ಕದು ಮಾಡಿ. ಗಾಳಿ 10 ನಾಟಿಂದ 15ಕ್ಕೆ ಏರಿದ್ರೆ ಹಾಯಿ ಮೇಲಿನ ಒತ್ತಡ ಎರಡು ಪಟ್ಟಿಗಿಂತ ಜಾಸ್ತಿ ಆಗತ್ತೆ. ನಿಮಗೆ ಮಜಾ ಅನ್ಸೋ ವಾಲಾಟ ಅವರಿಗೆ ಭಯ.

ಇನ್ನೊಂದು, ಇದನ್ನ ಇವತ್ತೇ ಮಾಡಿ. ಫೋನ್ ಮಾಡಿ ಸ್ನೇಹಿತರಿಗೆ ಹೇಳಿ, ಆ ದಿನ ಬೆಳಿಗ್ಗೆ ಗಾಳಿ ಸರಿ ಇಲ್ಲ ಅಂದ್ರೆ ದೋಣಿ ಹೊರಡಲ್ಲ, ದಡದಲ್ಲೇ ಕಳೆಯೋಣ ಅಂತ. ಅವರು ಬಂದು ನಿಂತ ಮೇಲೆ ಇಲ್ಲ ಅನ್ನೋದು ತುಂಬ ಕಷ್ಟ, ಆ ಸಂಕೋಚಕ್ಕೇ ಎಷ್ಟೋ ಜನ ಹೋಗಬಾರದ ದಿನ ಹೊರಟುಬಿಡ್ತಾರೆ.

— ಸಂಪಾದಕ