‘ದೇವರ ಮಗು’ ಲೇಖನವನ್ನು ಏಕೆ ಹಿಂದಿರುಗಿಸುತ್ತಿದ್ದೇವೆ

ನಮಸ್ಕಾರ. ಡೊಂಬಿವಲಿಯ ಭಜನಾ ಮಂಡಳಿಯ ಶನಿವಾರದ ಪೂಜೆಗೆ ತಾಯಿಯ ಜತೆ ಬರುವ, ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಸ್ನಾಯುಗಳ ಹತೋಟಿ ತಪ್ಪುವ ಸ್ಥಿತಿ) ಇರುವ, ಮಾತು ಬಾರದ ತರುಣರೊಬ್ಬರ ಬಗ್ಗೆ ನೀವು ಬರೆದ ‘ದೇವರ ಮಗು’ ಓದಿದೆವು. ಭಾಷೆ ಹದವಾಗಿದೆ. ಆದರೆ ಈ ರೂಪದಲ್ಲಿ ನಮ್ಮ ಪತ್ರಿಕೆಯಲ್ಲಿ ಹಾಕಲಾರೆವು. ಭಕ್ತಿ ಅಡ್ಡ ನಿಂತು, ಎದುರಿಗೆ ಕೂತವರೇ ನಿಮಗೆ ಕಾಣದೆ ಹೋಗಿದ್ದಾರೆ.

ಮೂರನೆಯ ಪುಟ ತೆರೆದು ನೋಡಿ. ಅರ್ಚಕರು ಆ ತರುಣರ ತಲೆಯನ್ನು ಹಿಂದಕ್ಕೆ ಬಾಗಿಸಿ ಉದ್ಧರಣೆಯಿಂದ ತೀರ್ಥ ಬಿಡುತ್ತಾರೆ. ತರುಣರು ಕೆಮ್ಮುತ್ತಾರೆ, ಕಣ್ಣಲ್ಲಿ ನೀರು ಬರುತ್ತದೆ. ‘ಮೌನವೇ ಗಂಟಲು ಬಿರಿದು ದೇವರನ್ನು ಕರೆಯಿತು’ ಎಂದು ನೀವು ಬರೆಯುತ್ತೀರಿ. ಅದು ನೀರು ಶ್ವಾಸನಾಳದ ಕಡೆ ಇಳಿದಾಗ ಬರುವ ಕೆಮ್ಮು. ಸೆರೆಬ್ರಲ್ ಪಾಲ್ಸಿ ಇರುವ ಹಲವರಿಗೆ ನುಂಗುವ ಸ್ನಾಯುಗಳು ತಡವಾಗಿ ಕೂಡಿ ಬರುತ್ತವೆ. ತೆಳ್ಳನೆಯ ನೀರು ಅಷ್ಟು ಹೊತ್ತು ಕಾಯದೆ ಜಾರಿಬಿಡುತ್ತದೆ. ತಲೆ ಹಿಂದಕ್ಕೆ ವಾಲಿದ್ದರೆ ಉಸಿರಿನ ದಾರಿಗೆ ರಕ್ಷಣೆ ಇನ್ನೂ ಕಡಿಮೆ. ಕೆಲವರಿಗೆ ಕೆಮ್ಮೇ ಬರುವುದಿಲ್ಲ. ದನಿ ಒದ್ದೆಯಾಗಿ ಗೊರಗೊರ ಅನ್ನುತ್ತದೆ, ಆಮೇಲೆ ಜ್ವರ, ನ್ಯುಮೋನಿಯಾ. ಐದನೆಯ ಪುಟದಲ್ಲಿ ತಾಯಿ ‘ವರ್ಷವಿಡೀ ಕಫ ಬಿಟ್ಟದ್ದಿಲ್ಲ’ ಅನ್ನುತ್ತಾರೆ. ಈ ಎರಡು ಸಾಲುಗಳನ್ನು ನೀವು ಪಕ್ಕಪಕ್ಕ ಇಟ್ಟು ನೋಡಿಲ್ಲ.

ಹಾಗಾದರೆ ತೀರ್ಥವೇ ಬೇಡವೇ? ಕೊಡಬಹುದು, ಕೊಡುವ ಬಗೆ ಬೇರೆ. ಸೊಂಟ ಕುರ್ಚಿಯ ಹಿಂಬದಿಗೆ ತಾಗಿ, ಪಾದಕ್ಕೆ ಆಧಾರ ಸಿಕ್ಕಿ, ಬೆನ್ನು ನೇರವಾಗಿರಬೇಕು. ಗದ್ದ ತುಸು ಕೆಳಗೆ. ಕೊಡುವವರು ನಿಂತು ಮೇಲಿನಿಂದ ಹೊಯ್ಯದೆ, ಎದುರಿಗೆ ಕೂತು ಕಣ್ಣಿನ ಮಟ್ಟದಿಂದ ಅರ್ಧ ಟೀ ಚಮಚದಷ್ಟೇ ಕೊಡಬೇಕು. ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಮುಂದಿನದು. ಪ್ರಸಾದ ತಿಂದ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಇಷ್ಟಾದರೂ ಕೆಮ್ಮು ಬಂದರೆ ನಿಲ್ಲಿಸಿ, ವಾಕ್ ಚಿಕಿತ್ಸಕರಿಗೆ ತೋರಿಸಬೇಕು; ನುಂಗುವಿಕೆಯನ್ನು ಪರೀಕ್ಷಿಸುವುದೂ ಅವರ ಕೆಲಸವೇ. ಅಲ್ಲಿಯವರೆಗೆ ತಲೆಯ ಮೇಲೆ ಪ್ರೋಕ್ಷಣೆ ಮಾಡಿದರೆ ಯಾವ ಶಾಸ್ತ್ರಕ್ಕೂ ಕೊರತೆಯಾಗದು. ಪಂಚಕಜ್ಜಾಯ ಬಾಯಲ್ಲಿ ಪುಡಿಪುಡಿಯಾಗಿ ಚೆದರುತ್ತದೆ. ಶಾವಿಗೆ ಪಾಯಸದಲ್ಲಿ ನೀರೂ ಗಟ್ಟಿಯೂ ಒಟ್ಟಿಗಿರುವುದರಿಂದ ಅದು ಇನ್ನೂ ಕಷ್ಟ. ಚೆನ್ನಾಗಿ ಕಿವುಚಿದ ಬಾಳೆಹಣ್ಣು ಸಾಮಾನ್ಯವಾಗಿ ಸುಲಭ. ಹಾಂ, ಏಕಾದಶಿಯ ದಿನ ಅಪಸ್ಮಾರದ ಮಾತ್ರೆ ‘ಒಂದು ಹೊತ್ತು ಬಿಟ್ಟೆವು’ ಎಂಬ ಸಾಲನ್ನು ದಯವಿಟ್ಟು ಮೆಚ್ಚುಗೆಯ ದನಿಯಲ್ಲಿ ಬರೆಯಬೇಡಿ. ಡೋಸ್ ತಪ್ಪಿದರೆ ಫಿಟ್ಸ್ ಮರಳಬಹುದು.

ಜಾಗಟೆಯ ಸದ್ದಿಗೆ ಅವರ ಮೈ ಸೆಟೆಯುವುದನ್ನು ‘ದರ್ಶನ ಬಂದಂತೆ’, ಅಂದರೆ ಮೈಮೇಲೆ ದೈವ ಬಂದಂತೆ, ಅಂದಿದ್ದೀರಿ. ನಮ್ಮ ಕರಾವಳಿಯವರಿಗೆ ಆ ಮಾತಿನ ತೂಕ ಗೊತ್ತು. ಆದರೆ ಹಠಾತ್ ಸದ್ದಿಗೆ ಇಡೀ ಮೈ ಬಿಗಿಯುವುದು ಸೆರೆಬ್ರಲ್ ಪಾಲ್ಸಿಯಲ್ಲಿ ಸಾಮಾನ್ಯ, ನೋವೂ ಆಗಬಹುದು. ಜಾಗಟೆಯಿಂದ ದೂರ, ಬಾಗಿಲ ಬಳಿ ಕೂರಿಸಿದರೆ, ಬಾರಿಸುವ ಮುಂಚೆ ಹೇಳಿದರೆ ಎಷ್ಟೋ ಮೇಲು.

ಅಷ್ಟಾವಕ್ರನ ಉದಾಹರಣೆ ತೆಗೆದುಹಾಕಿ. ಅವನು ಜನಕನ ಸಭೆಯಲ್ಲಿ ಬಂದಿ ಎಂಬ ಪಂಡಿತನನ್ನು ವಾದದಲ್ಲಿ ಸೋಲಿಸಿ ಗೌರವ ಗಿಟ್ಟಿಸಿಕೊಂಡವನು; ವಾದಿಸಲಾರದವರಿಗೆ ಆ ಕಥೆಯಲ್ಲಿ ಜಾಗವೆಲ್ಲಿ? ಮಹಾಭಾರತದಲ್ಲಿ ಕೊನೆಗೆ ಸಮಂಗಾ ನದಿಯಲ್ಲಿ ಮಿಂದು ಅವನ ಅಂಗಗಳು ನೇರವಾಗುತ್ತವೆ. ಆ ತಾಯಿ ಇದನ್ನು ಓದಿ ಏನೆಂದುಕೊಳ್ಳಬೇಕು? ಜಡಭರತನೂ ಒಗ್ಗುವುದಿಲ್ಲ, ಮೂಕ ಮಂಕನಂತೆ ಇದ್ದದ್ದು ಅವನ ನಟನೆ.

ನಾವು ಎಣಿಸಿದೆವು: ‘ದೇವರ ಮಗು’ ಹನ್ನೊಂದು ಸಲ, ಹೆಸರು ಒಂದು ಸಲವೂ ಇಲ್ಲ. ಇಪ್ಪತ್ತನಾಲ್ಕು ವರ್ಷದವರನ್ನು ಏಕವಚನದಲ್ಲಿ ಕರೆದಿದ್ದೀರಿ. ಪೂಜೆಗೆ ಬರಲು ಅವರಿಗೆ ಇಷ್ಟವಿದೆಯೇ ಎಂದು ಯಾರಾದರೂ ಕೇಳಿದರೇ? ಮಾತು ಬಾರದವರನ್ನೂ ಕೇಳಬಹುದು. ಒಂದು ಕೈಯಲ್ಲಿ ತಾಳ, ಇನ್ನೊಂದರಲ್ಲಿ ಅವರ ಚಪ್ಪಲಿ ಹಿಡಿದು ‘ಭಜನೆಗೆ ಕೂರೋದಾ, ಮನೆಗೆ ಹೋಗೋದಾ’ ಅನ್ನಿ. ಮನಸ್ಸಿನಲ್ಲೇ ಹತ್ತು ಎಣಿಸಿ. ನಡುವೆ ಮಾತಾಡಿದರೆ ಅವರು ಮೊದಲಿನಿಂದ ಶುರುಮಾಡಬೇಕಾದೀತು. ನೋಟ ಎತ್ತ ಹೋಯಿತೆಂದು ಗಮನಿಸಿ. ಆಮೇಲೆ ಕೈ ಬದಲಿಸಿ ಮತ್ತೆ ಕೇಳಿ, ಯಾಕೆಂದರೆ ಕೆಲವರು ಅಭ್ಯಾಸಬಲದಿಂದ ಒಂದೇ ಬದಿಗೆ ನೋಡುತ್ತಾರೆ. ಚಪ್ಪಲಿಯೇ ಉತ್ತರವಾದರೆ ಅವತ್ತು ಮನೆಗೆ ಕರೆದುಕೊಂಡು ಹೋಗಲೇಬೇಕು, ಮಂಗಳಾರತಿ ಬಾಕಿ ಇದ್ದರೂ.

ಬೌದ್ಧಿಕ ವೈಕಲ್ಯ ಇರುವವರೂ ಇಲ್ಲದವರೂ ಒಟ್ಟಿಗೆ ಬಾಳುವ ‘ಲಾರ್ಶ್’ ಸಂಸ್ಥೆಯನ್ನು ಸ್ಥಾಪಿಸಿದ ಜ್ಯಾನ್ ವಾನಿಯೇ (Jean Vanier) ಅವರನ್ನು ಸಂತ ಎಂದು ಕರೆದಿದ್ದೀರಿ. 1964ರಲ್ಲಿ ಫ್ರಾನ್ಸ್‌ನಲ್ಲಿ ಆರಂಭವಾದ ಆ ಸಹಜೀವನದ ಕ್ರಮ ದೊಡ್ಡದು. ಅದೇ ಸಂಸ್ಥೆಯ ಬೆಂಗಳೂರಿನ ಮನೆ ಆಶಾ ನಿಕೇತನ 1970ರಿಂದ ಇದೆ. ಆದರೆ ವಾನಿಯೇ ಅವರು 2019ರಲ್ಲಿ ತೀರಿಕೊಂಡ ಮೇಲೆ, 2020ರಲ್ಲಿ ಲಾರ್ಶ್ ತಾನೇ ಹೊರಗಿನವರಿಂದ ಮಾಡಿಸಿದ ವಿಚಾರಣೆಯ ವರದಿ ಹೊರಬಂತು: ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ಆರು ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದರು. ಆ ಮಹಿಳೆಯರಿಗೆ ವೈಕಲ್ಯವಿರಲಿಲ್ಲ. ಹೇಳಿಕೊಳ್ಳಲು ಮಾತೇ ಇಲ್ಲದವರ ವಿಷಯದಲ್ಲಿ ‘ಅವರು ದೊಡ್ಡ ಮನುಷ್ಯರು’ ಎಂಬ ನಂಬಿಕೆ ಸಾಲುತ್ತದೆಯೇ? ಸ್ನಾನ, ಶೌಚಕ್ಕೆ ಅವರಿಗೆ ಒಗ್ಗಿದ, ಸಾಧ್ಯವಾದಷ್ಟು ಅದೇ ಲಿಂಗದ ಸಹಾಯಕರು; ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಬ್ಬರು; ಮುಟ್ಟುವ ಮುಂಚೆ ಹೇಳುವುದು. ಮಂಡಳಿಯಲ್ಲಿ ಇವು ನಡೆಯುತ್ತಿವೆಯೇ, ವಿಚಾರಿಸಿ ಬರೆಯಿರಿ.

ಕೊನೆಯಲ್ಲಿ ತಾಯಿ ‘ನಾವು ಹೋದ ಮೇಲೆ ಊರಿನ ದೈವವೇ ನೋಡಿಕೊಳ್ಳಬೇಕು’ ಅನ್ನುತ್ತಾರೆ, ನೀವು ಅಲ್ಲಿಗೇ ಲೇಖನ ಮುಗಿಸುತ್ತೀರಿ. ಓದುಗರಿಗೆ ಬೇಕಾದ್ದು ಅಲ್ಲಿಂದ ಮುಂದೆ. ಸೆರೆಬ್ರಲ್ ಪಾಲ್ಸಿಯಂಥ ವೈಕಲ್ಯ ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಅಂಥವರಲ್ಲಿ ಹದಿನೆಂಟು ತುಂಬಿದವರಿಗೆ ಕಾನೂನಿನ ಪಾಲಕರನ್ನು (ಗಾರ್ಡಿಯನ್) ನೇಮಿಸುವುದು ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿ. ಡೊಂಬಿವಲಿಗೆ ಠಾಣೆ ಜಿಲ್ಲೆ. ನೇಮಕವಾದವರು ಆರು ತಿಂಗಳೊಳಗೆ ಸ್ಥಿರಾಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ಅಣ್ಣನೋ ಮಾವನೋ ‘ನಾನಿದ್ದೇನೆ’ ಅಂದುಬಿಟ್ಟರೆ ಈ ಲೆಕ್ಕ ಕೇಳುವವರಿರುವುದಿಲ್ಲ.

ತಿದ್ದಿದ್ದು 1200 ಪದ ಮೀರದಿರಲಿ. ಅವರ ಹೆಸರು ಹಾಕಬಹುದೇ ಎಂದು ತಾಯಿಯನ್ನೂ ಅವರನ್ನೂ ಕೇಳಿ. ಆರತಿ ತಟ್ಟೆಯ ಜತೆ ತೆಗೆದ ಫೋಟೊವನ್ನು ಮೊದಲು ಅವರಿಗೆ ತೋರಿಸಿ. ಮುಖ ತಿರುಗಿಸಿದರೆ ಕಳಿಸಬೇಡಿ, ಫೋಟೊ ಇಲ್ಲದೆಯೇ ಅಚ್ಚು ಹಾಕುತ್ತೇವೆ.