ಕ್ರುಸೇಡರ್ ಕಿಂಗ್ಸ್ 3: ದೊಡ್ಡ ಸಾಮ್ರಾಜ್ಯ ಬೇಸರ ತರಿಸಿದರೆ

ಕ್ರುಸೇಡರ್ ಕಿಂಗ್ಸ್ 3 ಎಂಬ ಮಧ್ಯಯುಗದ ರಾಜಮನೆತನಗಳ ಕಂಪ್ಯೂಟರ್ ಆಟದಲ್ಲಿ ದೊಡ್ಡ ಬೈಜಾಂಟೈನ್ ಸಾಮ್ರಾಜ್ಯ ಹಿಡಿದು ಪ್ರತಿ ಸಲ ಅರ್ಧಕ್ಕೇ ಬಿಡುತ್ತೀರಾ? ಬಹುಶಃ ಗಾತ್ರವೇ ಕಾರಣ. ಅಷ್ಟೊಂದು ಸಾಮಂತರಲ್ಲಿ ಯಾರು ಸತ್ತರೂ ಏನೂ ಅನ್ನಿಸುವುದಿಲ್ಲ. ನಿಮಗೆ ಯುದ್ಧವೇ ಇಷ್ಟವಿಲ್ಲದಿದ್ದರೆ ಕಾರಣ ಬೇರೆ ಇರಬಹುದು.

1066ರ ಐರ್ಲೆಂಡಿನಲ್ಲಿ ಶುರು ಮಾಡಿ. ಆಟ ಕಲಿಸುವ ಟ್ಯುಟೋರಿಯಲ್ ಕೊಡುವ, ದಕ್ಷಿಣ ಐರ್ಲೆಂಡಿನ ಮನ್‌ಸ್ಟರ್‌ನ ಸಣ್ಣ ರಾಜನೇ ಸಾಕು. ಮೊದಲು ಮದುವೆಗಳನ್ನು ನೋಡಿ. ಯುದ್ಧಕ್ಕೆ ಸೈನ್ಯ ಕಳಿಸಬಲ್ಲ ಮನೆತನದ ಜೊತೆ ಸಂಬಂಧ ಬೆಳೆಸಿ. ಆಮೇಲೆ ಆಸ್ಥಾನದ ಧರ್ಮಗುರುವನ್ನು ಪಕ್ಕದ ಒಂದು ಕೌಂಟಿಯ (ಸಣ್ಣ ಪ್ರಾಂತ್ಯದ) ಮೇಲೆ ಹಕ್ಕು ಹುಟ್ಟಿಸುವ ಕೆಲಸಕ್ಕೆ ಹಚ್ಚಿ. ಅಲ್ಲಿಯವರೆಗೆ ಚಿನ್ನ ಕೂಡಿಡಿ, ಹಕ್ಕು ಪಡೆಯಲು ಅದು ಬೇಕು. ಹಕ್ಕು ಸಿಕ್ಕಮೇಲೆ ಆ ಕೌಂಟಿಗಾಗಿ ಯುದ್ಧ ಹೂಡಬಹುದು. ಸುಮ್ನೆ ಸೈನ್ಯ ಕಟ್ಟಿಕೊಂಡು ಕೂರಬೇಡಿ, ಖರ್ಚು ಜಾಸ್ತಿ. ಯುದ್ಧ ಮುಗಿದ ತಕ್ಷಣ ಮನೆಗೆ ಕಳಿಸಿ.

ನಿಜವಾದ ಮಜಾ ರಾಜ ಸತ್ತು, ನೀವು ಅವನ ವಾರಸುದಾರನಾಗಿ ಆಟ ಮುಂದುವರಿಸುವಾಗ ಬರುತ್ತದೆ. ಅಣ್ಣತಮ್ಮಂದಿರ ಆಸ್ತಿಯ ಹಾಗೆ ನೆಲ ಪಾಲಾಗುತ್ತದೆ. ಇರುವುದೇ ಎರಡು ಮೂರು ಕೌಂಟಿ, ಒಂದು ತಮ್ಮನಿಗೆ ಹೋದರೂ ಹೊಟ್ಟೆ ಉರಿಯುತ್ತದೆ! ಅದನ್ನು ವಾಪಸ್ ಪಡೆಯುವುದೇ ಒಂದು ಪೂರ್ತಿ ಕಥೆ. ದೊಡ್ಡ ನಕ್ಷೆಯಲ್ಲಿ ಈ ಸಂಕಟ ಸಿಗುವುದೇ ಇಲ್ಲ, ನನಗಂತೂ ಈ ಆಟ ಹಿಡಿಸಿದ್ದೇ ಇದಕ್ಕೆ.

ಮಗ ಪಟ್ಟಕ್ಕೆ ಬರುವ ತನಕ ಆಡಿ. ಆಗಲೂ ಬೇಸರವಾದರೆ ಅಲ್ಲಿಗೇ ನಿಲ್ಲಿಸಿ.