ಗುಜರಿಯವರು ಬ್ಯಾಟರಿ ಕೊಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಇಂಜಿನಿಯರ್. ನಮ್ಮ ಕಂಪನಿ ಸೆನೆಗಲ್‌ನ ಡಕಾರ್ ಹತ್ತಿರ ಹಳೇ ಬ್ಯಾಟರಿಗಳಿಂದ ಸೀಸ ತೆಗೆಯುವ ಘಟಕ ಹಾಕುತ್ತಿದೆ. ಪ್ರಾಜೆಕ್ಟ್ ಜವಾಬ್ದಾರಿ ನನ್ನದು. ಕುಲುಮೆ, ಫಿಲ್ಟರ್ ಎಲ್ಲ ಗೊತ್ತು. ಆದರೆ ಅಲ್ಲಿನ ಗುಜರಿಯವರು ನಮಗೆ ಬ್ಯಾಟರಿ ಮಾರಲು ಒಪ್ಪುತ್ತಿಲ್ಲ. ಏನು ಮಾಡಲಿ ಸರ್?
– ಓದುಗರೊಬ್ಬರು, ತುಮಕೂರು

ಉತ್ತರ: ಹಿತ್ತಲಲ್ಲಿ ಸೀಸ ಕರಗಿಸುವವನು ನಿಮಗಿಂತ ಜಾಸ್ತಿ ದುಡ್ಡು ಕೊಡುತ್ತಾನೆ, ವಿಷಯ ಇಷ್ಟೇ. ಅವನಿಗೆ ಫಿಲ್ಟರ್ ಖರ್ಚಿಲ್ಲ, ಆಸಿಡ್ ನೆಲಕ್ಕೆ ಸುರಿಯುತ್ತಾನೆ, ಹೊಗೆಯನ್ನು ಅಕ್ಕಪಕ್ಕದವರು ಉಸಿರಾಡುತ್ತಾರೆ. ನಿಮಗೆ ಇದಕ್ಕೆಲ್ಲ ಖರ್ಚಿದೆ. ಹಾಗಾಗಿ ಕುಲುಮೆ ಆಮೇಲೆ, ಮೊದಲು ಬ್ಯಾಟರಿ ಕೊಳ್ಳುವ ರೀತಿ ಸರಿಮಾಡಿಕೊಳ್ಳಿ.

ನೀವು ಹೋಗುತ್ತಿರುವ ಊರು ಇದರಿಂದ ತುಂಬಾ ನೊಂದಿದೆ. ಡಕಾರ್ ಅಂಚಿನ ಥಿಯಾರೋಯ್‌ನಲ್ಲಿ ವರ್ಷಗಟ್ಟಲೆ ಬ್ಯಾಟರಿ ಒಡೆದು ಮಣ್ಣಿಗೆಲ್ಲ ಸೀಸ ಸೇರಿತ್ತು. ಸೀಸಕ್ಕೆ ಒಳ್ಳೇ ಬೆಲೆ ಬಂದಾಗ ಅಲ್ಲಿನ ಹೆಂಗಸರು ಆ ಮಣ್ಣನ್ನೇ ಜರಡಿ ಹಿಡಿದು, ಚೀಲಕ್ಕೆ ತುಂಬಿ ಮನೆಯೊಳಗೂ ಇಟ್ಟುಕೊಂಡರು. ಹೊಟ್ಟೆಪಾಡು, ಅವರನ್ನು ದೂರುವುದು ಹೇಗೆ? 2007ರ ನವೆಂಬರ್‌ನಿಂದ 2008ರ ಮಾರ್ಚ್ ಒಳಗೆ 18 ಮಕ್ಕಳು ಸತ್ತರು. ಹೊರಗಿನ ಮಣ್ಣು ತೆಗೆದ ಮೇಲೂ ಮನೆಗಳೊಳಗೆ ಸೀಸದ ದೂಳು ಉಳಿದಿತ್ತು.

ಆದ್ದರಿಂದ ಒಡೆಯದ, ಆಸಿಡ್ ತುಂಬಿದ ಬ್ಯಾಟರಿಗೆ ಜಾಸ್ತಿ ರೇಟ್ ಇಡಿ. ಬರೀ ಸೀಸದ ತೂಕಕ್ಕೆ ದುಡ್ಡು ಕೊಟ್ಟರೆ, ಆಸಿಡ್ ಚೆಲ್ಲಿ ಬನ್ನಿ ಎಂದು ನೀವೇ ಹೇಳಿದ ಹಾಗೆ. ದುಡ್ಡು ಅವತ್ತೇ ಕೈಗೆ ಕೊಡಿ, ಗುಜರಿಯವರು ತಿಂಗಳುಗಟ್ಟಲೆ ಕಾಯುವುದಿಲ್ಲ. ಈಗ ಬ್ಯಾಟರಿ ಒಡೆಯುತ್ತಿರುವವರನ್ನು ಓಡಿಸಬೇಡಿ, ಅವರಿಗೇ ಸಂಗ್ರಹ, ಸಾಗಣೆಯ ಕೆಲಸ ಕೊಡಿ. ಯಾವ ಓಣಿಯಲ್ಲಿ ಯಾರ ಹತ್ತಿರ ಮಾಲು ಸಿಗುತ್ತದೆ ಎಂದು ಅವರಷ್ಟು ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಹಳೇ ಇನ್ವರ್ಟರ್ ಬ್ಯಾಟರಿ ಕೊಟ್ಟರೆ ಹೊಸದರ ಬೆಲೆ ಇಳಿಸುತ್ತಾರಲ್ವಾ, ಅದನ್ನು ಅಲ್ಲಿನ ಅಂಗಡಿಗಳ ಜೊತೆ ಮಾತಾಡಿ ಶುರು ಮಾಡಬಹುದು. ಆದರೂ ಬರೀ ರೇಟಿನಿಂದ ಗೆಲ್ಲುವುದು ಕಷ್ಟ. ಭಾರತದಲ್ಲಿ 2022ರ ನಿಯಮಗಳು ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೇ ಹಾಕಿವೆ, ಅಂಥ ನಿಯಮಕ್ಕಾಗಿ ಅಲ್ಲಿನ ಸರ್ಕಾರದ ಹಿಂದೆ ಬೀಳಿ.

ಇನ್ನೊಂದು ಮಾತು. ಕಾರ್ಖಾನೆ ಎಂದ ಮಾತ್ರಕ್ಕೆ ಸುರಕ್ಷಿತ ಅಲ್ಲ. ಕೀನ್ಯಾದ ಮೊಂಬಾಸಾದಲ್ಲಿ ಓವಿನೋ ಉಹುರು ಎಂಬ ಬಡವರ ಬಡಾವಣೆಯ ಪಕ್ಕದಲ್ಲೇ ಇಂಥ ಕಾರ್ಖಾನೆ ಇತ್ತು. ಅಲ್ಲಿ ಕೆಲಸಕ್ಕಿದ್ದ ಫಿಲಿಸ್ ಒಮಿಡೊ ಅವರ ಪುಟ್ಟ ಮಗನ ರಕ್ತದಲ್ಲೇ ಸೀಸ ಸಿಕ್ಕಿತು. ಅವರು ಹೋರಾಡಿ ಅದನ್ನು ಮುಚ್ಚಿಸಿದರು, 2015ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಪಡೆದರು. ನೀವು ಮನೆಗಳಿಂದ ದೂರ ಜಾಗ ಹುಡುಕಿ. ಶುರು ಮಾಡುವ ಮೊದಲೇ ಸುತ್ತಲಿನ ಮಣ್ಣು, ಕೆಲಸಗಾರರ ರಕ್ತ ಪರೀಕ್ಷೆ ಮಾಡಿಸಿ, ಆಮೇಲೂ ಆಗಾಗ ಮಾಡಿಸುತ್ತಿರಿ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಕಂಡರೂ ಅದು ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಲಸಗಾರರು ಅಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಮನೆಗೆ ಹೋಗಬೇಕು, ಆ ಬಟ್ಟೆ ಘಟಕದಲ್ಲೇ ಒಗೆಯಬೇಕು. ಖರ್ಚು ಇಳಿಸಿ ಎಂದು ಮೇಲಿನವರು ಮೊದಲು ಕೈಹಾಕುವುದು ಸ್ನಾನದ ಮನೆಗೇ. ಅದನ್ನು ಬಿಟ್ಟುಕೊಡಬೇಡಿ.